ಕರೆಂಟು ಹುಟ್ಟಿದ ಊರಿಗೆ ಕರೆಂಟಿನ ಕಾರಿನಲ್ಲಿ

ಹೊಸ ಎಲೆಕ್ಟ್ರಿಕ್ ಎಸ್‌ಯುವಿಯಲ್ಲಿ ದೂರದ ಮೊದಲ ಪ್ರಯಾಣ ಎಲ್ಲಿಗೆ ಎಂದು ತೀರ್ಮಾನಿಸಿದವರು ಅಪ್ಪ. ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿ ಸೇರಿ, ಅದು ಕೆಪಿಟಿಸಿಎಲ್ ಆಗಿ, ಆಮೇಲೆ ಬೆಸ್ಕಾಂ, ಮೆಸ್ಕಾಂ ಎಂದು ಹಂಚಿಹೋದ ಕಾಲವನ್ನೆಲ್ಲ ಕಂಡು ನಿವೃತ್ತರಾದವರು ಅವರು. ಚಿಕ್ಕ ವಯಸ್ಸಿನಲ್ಲಿ ಸಾಗರದ ಕಡೆ ಕೆಲಸ ಮಾಡಿದ್ದರು. “ಕರೆಂಟಿನ ಕಾರು ಬಂದಿದೆ, ಕರೆಂಟು ಹುಟ್ಟಿದ ಕಡೆಗೇ ಮೊದಲು ಹೋಗೋಣ” ಎಂದರು. ಹಾಗೆ ಜೋಗ ನಿಶ್ಚಯವಾಯಿತು. ಅಲ್ಲಿಂದ ಮುಂದೆ, 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಸಿಗಂದೂರು ಸೇತುವೆಯ ಮೇಲೆ ಶರಾವತಿಯ ಹಿನ್ನೀರು ದಾಟಿ, ಕೊಲ್ಲೂರಿಗೆ ಇಳಿದು, ಉಡುಪಿಯಲ್ಲಿ ತಂಗಿ, ಶಿರಾಡಿ ಹತ್ತಿ ವಾಪಸ್ಸು ಬರುವುದೆಂದು ಗೊತ್ತುಮಾಡಿಕೊಂಡೆವು. ಆಯುಧಪೂಜೆಯಲ್ಲಿ ಕಾರಿಗೆ ಕಟ್ಟಿದ ಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಮಗಳಿಗೆ ದಸರಾ ರಜೆ. ಅಪ್ಪ, ಅಮ್ಮ, ಹೆಂಡತಿ, ಮಗಳು, ನಾನು.

ಕಾರಿನ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಟರಿ ಹಿಡಿಯುವುದು ಸುಮಾರು 50 ಯೂನಿಟ್. ಮಾರಾಟದ ಕಾಗದದಲ್ಲಿ ಒಂದು ಚಾರ್ಜಿಗೆ 450 ಕಿ.ಮೀ.ಗೂ ಮೇಲೆ ಎಂದಿದೆ, ಅದು ಪರೀಕ್ಷಾ ಕೇಂದ್ರದ ಲೆಕ್ಕ. ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹೇರಿ, ಎ.ಸಿ. ಹಾಕಿಕೊಂಡು ಹೆದ್ದಾರಿಯಲ್ಲಿ 80-90ರ ವೇಗದಲ್ಲಿ ಹೋದರೆ ನನ್ನ ಕಾರು ಯೂನಿಟ್ಟಿಗೆ ಆರೂವರೆ ಕಿ.ಮೀ. ಓಡುತ್ತದೆ. ಅಂದರೆ 320ರ ಆಸುಪಾಸು. 100 ದಾಟಿದರೆ ಗಾಳಿಯ ತಡೆ ಹೆಚ್ಚಿ ಅದೂ ಇಳಿಯುತ್ತದೆ. ಈ ಆರೂವರೆಯನ್ನು ಒಪ್ಪಿಕೊಂಡು ಹೊರಟವರಿಗೆ ದಾರಿಯಲ್ಲಿ ಎದೆಬಡಿತವಿಲ್ಲ.

ಮೊದಲ ದಿನ: ಬೆಂಗಳೂರಿನಿಂದ ಸಾಗರ

ಬೆಳಕು ಹರಿಯುವ ಮೊದಲೇ ಹೊರಟೆವು. ಈ ಕಾರಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿರುವುದು ಆ ಹೊತ್ತಿನ ಹೊರಡುವಿಕೆ. ಹಳೆಯ ಡೀಸೆಲ್ ಗಾಡಿಯನ್ನು ಚಾಲೂ ಮಾಡಿದರೆ ಬೀದಿಯ ಅರ್ಧ ಮನೆಗಳಿಗೆ ಎಚ್ಚರವಾಗುತ್ತಿತ್ತು. ಈಗ ಗೇಟಿನ ಕೀಲು ಕಿರುಗುಟ್ಟುವುದೇ ದೊಡ್ಡ ಸದ್ದು. ಆದರೆ ಈ ಮೌನಕ್ಕೆ ಚಾಲಕ ಎಚ್ಚರಿಕೆಯ ಬೆಲೆ ತೆರಬೇಕು. ಬೀದಿನಾಯಿ, ಹಾಲಿನವರು, ಬೆಳಗಿನ ವಾಯುವಿಹಾರಕ್ಕೆ ಹೊರಟ ಹಿರಿಯರು, ಯಾರಿಗೂ ಹಿಂದೆ ಕಾರು ಬಂದದ್ದು ಗೊತ್ತಾಗುವುದಿಲ್ಲ. ಅವರು ತಾವಾಗಿ ಸರಿಯುವವರೆಗೆ ನಾವೇ ಕಾಯಬೇಕು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಬೆಣ್ಣೆ ಇಡ್ಲಿಯ ಮೇಲೆ ಕರಗುವಷ್ಟರಲ್ಲಿ ತಟ್ಟೆ ಖಾಲಿ. ಅಮ್ಮ ಚಟ್ನಿಗೆ ಹುರಿಗಡಲೆ ಎಷ್ಟು ಹಾಕಿದ್ದಾರೆಂದು ಒಳಗೆ ಹೋಗಿ ಕೇಳಿಕೊಂಡು ಬಂದರು. ತುಮಕೂರು ದಾಟಿದ ಮೇಲೆ ಗುಬ್ಬಿ, ತಿಪಟೂರು. ದಾರಿಯ ಎರಡೂ ಕಡೆ ತೆಂಗು. ತಿಪಟೂರಿನ ಹತ್ತಿರ ಕೊಬ್ಬರಿ ಮೂಟೆ ಹೇರಿದ ಲಾರಿಗಳ ಹಿಂದೆ ನಿಧಾನವಾಗಿ ಸಾಗಬೇಕಾಯಿತು. ಡೀಸೆಲ್ ಗಾಡಿಯಲ್ಲಾಗಿದ್ದರೆ ನನಗೆ ಸಿಡಿಮಿಡಿಯಾಗುತ್ತಿತ್ತು. ಇಲ್ಲಿ ನಿಧಾನವೇ ಲಾಭ. ಲಾರಿಯ ಹಿಂದೆ 50ರ ವೇಗದಲ್ಲಿ ಸಾಗಿದಷ್ಟೂ ಹೊತ್ತು ಯೂನಿಟ್ಟಿನ ಮೈಲೇಜು ಏರುತ್ತಲೇ ಇತ್ತು.

ಅರಸೀಕೆರೆಯ ಬಳಿ ಬ್ಯಾಟರಿ ಶೇಕಡಾ 47ಕ್ಕೆ ಬಂದಿತ್ತು. ಮೊಬೈಲ್ ಆ್ಯಪ್‌ನಲ್ಲಿ ‘ಲಭ್ಯ’ ಎಂದು ಹಸಿರು ತೋರಿಸುತ್ತಿದ್ದ ಚಾರ್ಜರಿನ ಮುಂದೆ ಹೋಗಿ ನಿಂತರೆ ಅದರ ಪರದೆಯೇ ಕಪ್ಪಾಗಿತ್ತು. ಕಾವಲುಗಾರ “ನಿನ್ನೆ ಸಿಡಿಲು ಹೊಡೆದಾಗಿನಿಂದ ಹೀಗೇ ಇದೆ ಸಾರ್” ಎಂದ. ಚಾರ್ಜಿಂಗ್ ಜಾಗವನ್ನು ಆರಿಸುವಾಗ ಅದು ಕೈಕೊಟ್ಟರೆ ಇನ್ನೊಂದಕ್ಕೆ ತಲುಪುವಷ್ಟು, ಕನಿಷ್ಠ 50 ಕಿ.ಮೀ. ಉಳಿದಿರುವಂತೆ ನೋಡಿಕೊಳ್ಳಬೇಕು ಎಂದು ಈ ಕಾರುಗಳನ್ನು ಮೊದಲಿನಿಂದ ಓಡಿಸುತ್ತಿರುವ ಗೆಳೆಯರು ಹೇಳಿದ್ದರು. ಆ ಮಾತು ಉಪಯೋಗಕ್ಕೆ ಬಂತು. ಬಾಣಾವರದ ಕಡೆಗೆ ಸ್ವಲ್ಪ ಮುಂದೆ ಹೋದರೆ ಹೆದ್ದಾರಿ ಬದಿಯ ಹೋಟೆಲ್ ಒಂದರ ಅಂಗಳದಲ್ಲಿ ಎರಡು ಗನ್ (ಕಾರಿಗೆ ಸಿಕ್ಕಿಸುವ ಹಿಡಿಕೆ) ಇರುವ ಚಾರ್ಜರು. ಒಂದು ಗನ್ ಆಗಲೇ ದಾವಣಗೆರೆಗೆ ಹೊರಟಿದ್ದ ಕುಟುಂಬವೊಂದರ ಕಾರಿನಲ್ಲಿತ್ತು. 60 ಕಿಲೋವಾಟ್ ಚಾರ್ಜರಿಗೆ ಎರಡು ಕಾರು ಸೇರಿಕೊಂಡರೆ ಶಕ್ತಿ ಹಂಚಿಹೋಗುತ್ತದೆ. ನಾವು ಗನ್ ಸಿಕ್ಕಿಸಿದಾಗ ಅವರಿಗೆ ಬರುತ್ತಿದ್ದುದು ಅರ್ಧವಾಯಿತು. ಅವರದು 72 ಆಗಿತ್ತು. “80 ಆದೊಡನೆ ತೆಗೆದುಬಿಡುತ್ತೇವೆ, ಆಮೇಲೆ ನಿಮಗೇ ಪೂರ್ತಿ” ಎಂದು ಅವರಾಗಿಯೇ ಹೇಳಿದರು. 80ರ ನಂತರ ಬ್ಯಾಟರಿಯ ಸುರಕ್ಷತೆಗಾಗಿ ಚಾರ್ಜಿನ ವೇಗ ಇಳಿಯುತ್ತದೆ. ಕೊನೆಯ ಇಪ್ಪತ್ತಕ್ಕಾಗಿ ಕಾದು ಕೂರುವುದಕ್ಕಿಂತ ಮುಂದಿನ ಊರಿನಲ್ಲಿ ಮತ್ತೆ ಹಾಕಿಕೊಳ್ಳುವುದೇ ಲೇಸು. ಹಿಂದೆ ಸಾಲು ಇದ್ದಾಗಲಂತೂ ಅದು ಮರ್ಯಾದೆಯೂ ಹೌದು.

ಹೋಟೆಲಿನ ಮಾಲೀಕರು ಅಪ್ಪನ ಜೊತೆ ಮಾತಿಗೆ ನಿಂತರು. ಚಾರ್ಜರ್ ಹಾಕಿಸುವುದಕ್ಕೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಬೇಕಾಯಿತಂತೆ. ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ಹೇಳಿದರು. “ಮೊದಲು ಕಾರಿನವರು ಕಾಫಿ ಕುಡಿದು ಓಡುತ್ತಿದ್ದರು. ಈಗ ಮುಕ್ಕಾಲು ಗಂಟೆ ಕೂರುತ್ತಾರೆ, ಊಟ ಮಾಡುತ್ತಾರೆ. ಹಾಗಾಗಿ ಮಕ್ಕಳಿಗೆಂದು ಉಯ್ಯಾಲೆ ಹಾಕಿಸಿದೆ” ಎಂದರು. ಮಗಳು ಆಗಲೇ ಅದರ ಮೇಲಿದ್ದಳು. ಅಪ್ಪ ಟ್ರಾನ್ಸ್‌ಫಾರ್ಮರನ್ನು ಸುತ್ತು ಹಾಕಿ ನೋಡಿ, ಬೇಲಿಯ ಬುಡದಲ್ಲಿ ಬೆಳೆದ ಬಳ್ಳಿಯನ್ನು ಕೀಳಿಸಲು ಹೇಳಿದರು.

ಕಡೂರಿನ ಬಯಲು, ಬೀರೂರು, ಅಲ್ಲಿಂದ ತರೀಕೆರೆ. ಇಲ್ಲಿ ದಾರಿಯ ಬಣ್ಣ ಬದಲಾಗುತ್ತದೆ. ಒಣ ಭೂಮಿ ಮುಗಿದು ಅಡಿಕೆ ತೋಟದ ನೆರಳು ಶುರು. ಭದ್ರಾವತಿಯ ಹತ್ತಿರ ಮಳೆ ಹಿಡಿಯಿತು. ಶಿವಮೊಗ್ಗ ದಾಟಿ ಆಯನೂರು, ಕುಂಸಿ, ಆನಂದಪುರದ ಕಡೆಯ ತಿರುವುಗಳಲ್ಲಿ ಹಿಂದೆ ಕೂತಿದ್ದ ಮಗಳು ಹೊಟ್ಟೆ ತೊಳಸುತ್ತಿದೆ ಎಂದಳು. ಕಾರಣ ಕಾರಿನಲ್ಲೇ ಇತ್ತು. ಎಕ್ಸಲರೇಟರಿನಿಂದ ಕಾಲು ತೆಗೆದೊಡನೆ ಮೋಟಾರು ಡೈನಮೋ ಆಗಿ ತಿರುಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ, ಗಾಡಿಗೆ ಬ್ರೇಕು ಬೀಳುತ್ತದೆ. ಇದಕ್ಕೆ ರೀಜೆನ್ ಎನ್ನುತ್ತಾರೆ. ಗರಿಷ್ಠ ಮಟ್ಟದಲ್ಲಿಟ್ಟರೆ ಒಂದೇ ಪೆಡಲಿನಲ್ಲಿ ಓಡಿಸಬಹುದು, ಚಾಲಕನಿಗೆ ಸುಖ. ಆದರೆ ಹಿಂದೆ ಕೂತವರ ತಲೆ ಪ್ರತಿ ತಿರುವಿನಲ್ಲೂ ಮುಂದಕ್ಕೆ ಹಿಂದಕ್ಕೆ ಓಲಾಡುತ್ತದೆ. ಸ್ಟೀರಿಂಗಿನ ಹಿಂದಿನ ಪ್ಯಾಡಲನ್ನು ಒತ್ತಿ ಕನಿಷ್ಠಕ್ಕೆ ಇಳಿಸಿದೆ, ಅಮ್ಮ ನಿಂಬೆಹಣ್ಣು ಮೂಸಲು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಮಗಳು ಚೇತರಿಸಿಕೊಂಡಳು. ಮಕ್ಕಳಿರುವ ಮನೆಯವರು ಕಾರು ಕೊಳ್ಳುವ ಮೊದಲು ಈ ಮಟ್ಟಗಳನ್ನು ಹಿಂದಿನ ಸೀಟಿನಲ್ಲಿ ಕೂತು ಪರೀಕ್ಷಿಸಬೇಕು. ಅಮ್ಮನಿಗೆ ಇನ್ನೊಂದು ತೊಂದರೆಯೂ ಇತ್ತು. ನೆಲದ ಕೆಳಗೆ ಬ್ಯಾಟರಿ ಇರುವುದರಿಂದ ಪಾದ ಇಡುವ ಜಾಗ ಎತ್ತರ, ಮಂಡಿ ಮೇಲೇಳುತ್ತದೆ, ತೊಡೆಗೆ ಆಸರೆ ಸಾಲದು. ತೊಡೆಯ ಕೆಳಗೆ ಶಾಲು ಮಡಿಸಿಟ್ಟ ಮೇಲೆ ಸರಿಹೋಯಿತು.

ಸಾಗರದಿಂದ ಒಳಗೆ, ಅಡಿಕೆ ತೋಟದ ನಡುವೆ ಹೆಂಚಿನ ದೊಡ್ಡ ಮನೆ. ಅದರ ಒಂದು ಪಕ್ಕವನ್ನು ಅತಿಥಿಗಳಿಗೆ ಬಿಟ್ಟಿದ್ದಾರೆ. ಕೋಣೆ ಗೊತ್ತುಮಾಡುವಾಗಲೇ 15 ಆಂಪಿಯರ್ ಪ್ಲಗ್ ಇದೆಯೇ, ಕಾರು ಅದರ ಹತ್ತಿರ ನಿಲ್ಲಬಹುದೇ ಎಂದು ಕೇಳಿದ್ದೆ. ಮುಟ್ಟಿದಾಗ ಬ್ಯಾಟರಿ 28. ಕತ್ತಲಾಗಿತ್ತು, ಜೀರುಂಡೆಯ ಸದ್ದು. ಕಾರಿನ ಜೊತೆ ಬರುವ ಚಾರ್ಜರನ್ನು ಪ್ಲಗ್ಗಿಗೆ ಸಿಕ್ಕಿಸಿದರೆ ಪೆಟ್ಟಿಗೆಯ ಮೇಲೆ ಕೆಂಪು ದೀಪ: ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಅರ್ತಿಂಗ್ ಇಲ್ಲ. ಈ ಚಾರ್ಜರುಗಳು ಅರ್ತಿಂಗ್ ಸರಿಯಿಲ್ಲದ ಕಡೆ ಒಂದು ಯೂನಿಟ್ಟನ್ನೂ ಎಳೆಯುವುದಿಲ್ಲ. ಜೀವ ಉಳಿಸುವ ಏರ್ಪಾಡು ಅದು. ಅರ್ತಿಂಗ್ ಇಲ್ಲದೆಯೂ ನಡೆಯುವಂತೆ ಮಾಡುವ ಅಡ್ಡದಾರಿಗಳನ್ನು ಕೆಲವರು ಹೇಳಿಕೊಡುತ್ತಾರೆ. ಮಕ್ಕಳು ಮುಟ್ಟುವ ಕಬ್ಬಿಣದ ಮೈಯ ಗಾಡಿಗೆ ಅದನ್ನು ಯಾರೂ ಮಾಡಬಾರದು.

ಯಜಮಾನರಿಗೆ ಪೇಚಾಟ. “ಗೀಸರ್ ನಡೆಯುತ್ತದೆ, ಮಿಕ್ಸಿ ನಡೆಯುತ್ತದೆ ಮಾರಾಯರೇ, ಇದಕ್ಕೇನಾಯಿತು?” ಅಪ್ಪನ ಮುಖದಲ್ಲಿ ಹಳೆಯ ಕಳೆ ಬಂತು. ಟಾರ್ಚ್ ಹಿಡಿದು ಮೀಟರ್ ಬೋರ್ಡಿನಿಂದ ತಂತಿಯ ಜಾಡು ಹಿಡಿದು ಹೊರಗೆ ಹೋದರು. ಕೊಟ್ಟಿಗೆಯ ಹಿಂದೆ, ಸೌದೆಯ ರಾಶಿಯ ಅಡಿಯಲ್ಲಿ ಅರ್ತಿಂಗ್ ಗುಂಡಿ ಸಿಕ್ಕಿತು. ಮಾಡಿನ ಅಡಿಯಲ್ಲಿದ್ದುದರಿಂದ ಊರಿಗೆಲ್ಲ ಮಳೆ ಸುರಿದರೂ ಆ ಗುಂಡಿಗೆ ಹನಿ ಬಿದ್ದಿರಲಿಲ್ಲ. ಮಣ್ಣು ಒಣಗಿದರೆ ಕರೆಂಟಿಗೆ ಭೂಮಿಯೊಳಗೆ ದಾರಿ ಇರುವುದಿಲ್ಲ. ತಂತಿಯ ಬಿಗಿತ ಸಡಿಲಾಗಿತ್ತು. ಮೇನ್ ಆಫ್ ಮಾಡಿಸಿ, ತುಕ್ಕು ಕೆರೆದು, ನಟ್ಟು ಬಿಗಿ ಮಾಡಿ, “ಈಗ ನೀರು ಹಾಕಿ” ಎಂದರು. ಯಜಮಾನರೂ ನಾನೂ ಬಾವಿಯಿಂದ ಕೊಡಪಾನದಲ್ಲಿ ನೀರು ತಂದು ಸುರಿದೆವು. ಭೂಮಿ ಗಟಗಟ ಕುಡಿಯಿತು. ಮೇನ್ ಹಾಕಿದಾಗ ಪೆಟ್ಟಿಗೆಯಲ್ಲಿ ಹಸಿರು ದೀಪ. ರಾತ್ರಿ ವೋಲ್ಟೇಜು ಕಡಿಮೆಯಿತ್ತು; ಚಾರ್ಜಿಂಗನ್ನು 10 ಆಂಪಿಯರಿಗೆ ಇಳಿಸಿಟ್ಟೆ. ಹಳೆಯ ಮನೆಯ ತಂತಿಗಳಿಗೆ ಅಷ್ಟೇ ಹಿತ. ಇಡೀ ರಾತ್ರಿಗೆ 20ರ ಮೇಲೆ ಯೂನಿಟ್ ತುಂಬುತ್ತದೆ.

ಊಟಕ್ಕೆ ಒಂದೆಲಗದ ತಂಬುಳಿ, ಅಪ್ಪೆಹುಳಿ, ಅನ್ನ, ಮೇಲೆ ತೊಡೆದೇವು. ಕಾಗದಕ್ಕಿಂತ ತೆಳುವಾದ ತೊಡೆದೇವನ್ನು ಮಡಕೆಯ ಬೆನ್ನಿನ ಮೇಲೆ ಹೇಗೆ ಬಳಿಯುತ್ತಾರೆಂದು ಮನೆಯ ಅಮ್ಮ ನನ್ನ ಹೆಂಡತಿಗೆ ಕೈಯಾಡಿಸಿ ತೋರಿಸಿದರು.

ಎರಡನೆಯ ದಿನ: ಜೋಗ, ಮತ್ತು ಅಡಿಕೆ ಸುಲಿಯುವ ರಾತ್ರಿ

ತಾಳಗುಪ್ಪ ದಾಟಿ ಜೋಗಕ್ಕೆ ಹೋಗುವ ರಸ್ತೆಯಲ್ಲಿ ತಲೆಯ ಮೇಲೆ ದೊಡ್ಡ ದೊಡ್ಡ ತಂತಿಗಳು ಗೋಪುರದಿಂದ ಗೋಪುರಕ್ಕೆ ಹಾಯುತ್ತವೆ. ಅಪ್ಪ ಒಂದೊಂದನ್ನೂ ಗುರುತಿಸುತ್ತಾ ಬಂದರು. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದು, ಆಮೇಲೆ ಶರಾವತಿಯ ಸರದಿ. ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ ಜೋಗದ ಕೆಳಗೆ ಮೊದಲ ವಿದ್ಯುದಾಗಾರ ನಡೆಯಿತು, ಈಗ ಅದಕ್ಕೆ ಮಹಾತ್ಮ ಗಾಂಧಿ ಹೆಸರು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಆ ಹಳೆಯ ಅಣೆಕಟ್ಟೇ ಮುಳುಗಿತು. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳು, ಒಟ್ಟು 1,035 ಮೆಗಾವಾಟ್.

“ನಮ್ಮ ಕಾರಿನಲ್ಲಿ ಈಗ ಇರುವುದು ಇಲ್ಲಿಯ ಕರೆಂಟೇ, ತಾತ?” ಎಂದು ಮಗಳು ಕೇಳಿದಳು. ಅಪ್ಪ ಮೊಮ್ಮಗಳಿಗೂ ಪೂರ್ತಿ ಸತ್ಯವನ್ನೇ ಹೇಳಿದರು. “ಎಲ್ಲವೂ ಬೆರೆತಿರುತ್ತದೆ ಮಗಾ ಅಂತ ಸುಮ್ಮನೆ ಹೇಳಿ ಮುಗಿಸುವುದಿಲ್ಲ, ಕೇಳು. ಇಲ್ಲಿಯ ನೀರಿನದು ಇದೆ. ಪಾವಗಡದಲ್ಲಿ ಬಿಸಿಲಿನಿಂದ ತಯಾರಾಗುವುದು ಇದೆ, ಚಿತ್ರದುರ್ಗದ ಗುಡ್ಡದ ಗಾಳಿಯದು ಇದೆ. ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಮಾಡಿದ್ದೂ ಇದೆ. ತಂತಿಯೊಳಗೆ ಬಂದ ಮೇಲೆ ಯಾರದು ಯಾವುದೆಂದು ಬೇರೆ ಮಾಡಲಾಗದು.” ಈ ಕಾರಿಗೆ ಹೊಗೆ ಕೊಳವೆ ಇಲ್ಲ ಎಂಬುದು ಎಷ್ಟು ನಿಜವೋ ಅದರ ಒಂದಷ್ಟು ಹೊಗೆ ರಾಯಚೂರಿನಲ್ಲಿ ಏಳುತ್ತದೆ ಎಂಬುದೂ ಅಷ್ಟೇ ನಿಜ. ಪಾವಗಡದಂಥವು ಹೆಚ್ಚಿದಷ್ಟೂ, ನಾನು ಹೊಸ ಕಾರು ಕೊಳ್ಳದೆಯೇ, ನನ್ನ ಇದೇ ಕಾರು ವರ್ಷದಿಂದ ವರ್ಷಕ್ಕೆ ಶುಭ್ರವಾಗುತ್ತದೆ. ಡೀಸೆಲ್ ಗಾಡಿಗೆ ಆ ಭಾಗ್ಯವಿಲ್ಲ. ನಾನು ಈ ಕಾರನ್ನು ಆರಿಸಿದ್ದಕ್ಕೆ ಇದೇ ದೊಡ್ಡ ಕಾರಣ.

ಜೋಗದಲ್ಲಿ ಮೊದಲು ಕಂಡದ್ದು ಬರೀ ಮಂಜು. ಕಣಿವೆಯಿಂದ ಸದ್ದು ಮಾತ್ರ ಮೇಲೆ ಬರುತ್ತಿತ್ತು. ಹುರಿದ ಜೋಳ ತಿನ್ನುತ್ತಾ ಕಾದೆವು. ಗಾಳಿ ಒಮ್ಮೆ ಬೀಸಿದಾಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತೆರೆದುಕೊಂಡವು. 253 ಮೀಟರ್ ಎತ್ತರದಿಂದ ಬಿಳಿ ನೀರು. ನಿಂತವರೆಲ್ಲ ಒಂದೇ ಸಲ ಕೂಗಿದರು, ಅಷ್ಟರಲ್ಲಿ ಮತ್ತೆ ಮಂಜು. ಬಂದೊಡನೆ ಮಂಜು ಕಂಡರೆ ನಿರಾಶರಾಗಿ ಹೊರಡಬಾರದು. ಅರ್ಧ ಗಂಟೆ ಕಾದರೆ ಜೋಗ ಒಮ್ಮೆಯಾದರೂ ಮುಖ ತೋರಿಸುತ್ತದೆ ಎಂದು ಜೋಳ ಮಾರುವವರೇ ಹೇಳಿದರು.

ಸಂಜೆ ಮನೆಗೆ ಮರಳಿದಾಗ ಹೊರಚಾವಡಿಯಲ್ಲಿ ಹಸಿ ಅಡಿಕೆಯ ರಾಶಿ. ಅಡಿಕೆ ಗೊನೆಯ ಕೊಯ್ಲು ಶುರುವಾಗಿತ್ತು. ಕೊಯ್ದ ಅಡಿಕೆಯನ್ನು ಹೆಚ್ಚು ಹೊತ್ತು ಬಿಡುವಂತಿಲ್ಲ, ಸುಲಿದು ಬೇಯಿಸಬೇಕು. ಅಕ್ಕಪಕ್ಕದ ಮನೆಗಳ ಹೆಂಗಸರು ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂತಿದ್ದರು. ಕತ್ತಿಯ ಮಣೆಯನ್ನು ಮೆಟ್ಟಿಕೊಂಡು, ಎರಡೂ ಕೈಯಲ್ಲಿ ಅಡಿಕೆ ಹಿಡಿದು ಸಿಪ್ಪೆ ಬಿಡಿಸುವ ವೇಗ ನೋಡುತ್ತಾ ಮಗಳು ಅಲ್ಲೇ ಕೂತುಬಿಟ್ಟಳು. ನಮ್ಮ ಕಾರು ಅಂಗಳದಲ್ಲಿ ಚಾರ್ಜಿಗೆ ನಿಂತಿತ್ತು. ಊಟವಾದ ಮೇಲೆ ಸುಲಿತ ಮತ್ತೆ ಶುರುವಾಗುವ ಹೊತ್ತಿಗೆ ಗಾಳಿಮಳೆ ಬಂತು, ಕರೆಂಟು ಹೋಯಿತು. ಎಲ್ಲೋ ಮರ ಬಿದ್ದಿದೆ ಎಂದು ಫೋನು ಬಂತು. ಇನ್ವರ್ಟರು ಒಳಮನೆಯ ದೀಪಗಳಿಗೆ ಮಾತ್ರ ಇತ್ತು. ಹರಿತವಾದ ಕತ್ತಿಯ ಮುಂದೆ ಮೊಬೈಲ್ ಟಾರ್ಚಿನಲ್ಲಿ ಕೂರುವುದು ಆಗದ ಮಾತು.

ಕಾರಿನ ಡಿಕ್ಕಿಯಲ್ಲಿ ಒಂದು ಅಡಾಪ್ಟರ್ ಇದೆ. ಅದನ್ನು ಚಾರ್ಜಿಂಗ್ ಬಾಯಿಗೆ ಸಿಕ್ಕಿಸಿದರೆ ಬ್ಯಾಟರಿಯ ಕರೆಂಟು 230 ವೋಲ್ಟಿನಲ್ಲಿ ಹೊರಗೆ ಬರುತ್ತದೆ. ವೆಹಿಕಲ್ ಟು ಲೋಡ್ ಎಂಬ ಈ ಸೌಲಭ್ಯವನ್ನು ಮಾರಾಟಗಾರರು ತೋರಿಸಿದಾಗ ನಾನು ಅಷ್ಟಾಗಿ ಗಮನ ಕೊಟ್ಟಿರಲಿಲ್ಲ. ಚಾರ್ಜರನ್ನು ಬಿಚ್ಚಿ ಅಡಾಪ್ಟರನ್ನು ಹಾಕುತ್ತಿರುವಾಗ ಯಜಮಾನರ ಮಗ, “ಇದನ್ನು ಮನೆಯ ಬೋರ್ಡಿಗೇ ಕೊಟ್ಟರೆ ಇಡೀ ಮನೆಗೆ ಬರುತ್ತದಲ್ಲ ಅಣ್ಣ” ಎಂದು ತಂತಿ ಹಿಡಿದು ಹೊರಟ. ಅಪ್ಪ ಎದ್ದು ನಿಂತೇ ಬಿಟ್ಟರು. ಅವರ ದನಿ ಅಷ್ಟು ಗಟ್ಟಿಯಾದದ್ದನ್ನು ನಾನು ಈಚೆಗೆ ಕೇಳಿರಲಿಲ್ಲ.

“ಬೋರ್ಡಿಗೆ ಮುಟ್ಟಿಸಬೇಡ ತಮ್ಮಾ. ಇಲ್ಲಿಂದ ಒಳಗೆ ಹೋದ ಕರೆಂಟು ಮೀಟರ್ ದಾಟಿ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದುಮುಂದಾಗಿ 11 ಸಾವಿರ ವೋಲ್ಟ್ ಆಗುತ್ತದೆ. ಈ ಮಳೆಯಲ್ಲಿ ಮರ ಬಿದ್ದ ಕಡೆ ಒಬ್ಬ ಹುಡುಗ ಕಂಬದ ಮೇಲಿರುತ್ತಾನೆ. ಲೈನು ಸತ್ತಿದೆ ಎಂದು ನಂಬಿಕೊಂಡು ಹತ್ತಿರುತ್ತಾನೆ.”

ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪನೇ ಎಕ್ಸ್‌ಟೆನ್ಷನ್ ಬೋರ್ಡನ್ನು ನೇರವಾಗಿ ಅಡಾಪ್ಟರಿಗೆ ಸಿಕ್ಕಿಸಿ, ಹೋಲ್ಡರುಗಳನ್ನು ತೊಲೆಗೆ ಕಟ್ಟಿ, ಚಾವಡಿಗೆ ಎಲ್‌ಇಡಿ ಬಲ್ಬುಗಳನ್ನು ಹಾಕಿದರು. ಬೆಳಕು ಬಂತು. ಸುಲಿತ ಮುಂದುವರಿಯಿತು, ಜೊತೆಗೆ ಹಾಡು, ನಡುವೆ ಮೆಣಸಿನ ಕಷಾಯ. ಅಮ್ಮನಿಗೆ ಥಂಡಿಗೆ ಉಬ್ಬಸ ಹೆಚ್ಚಿತ್ತು, ಅವರ ನೆಬ್ಯುಲೈಸರನ್ನೂ ಅದೇ ಬೋರ್ಡಿಗೆ ಹಾಕಿದೆವು. ನಡುರಾತ್ರಿ ಕಳೆದ ಮೇಲೆ ಲೈನು ಬಂತು. ಅಷ್ಟು ಹೊತ್ತಿಗೆ ಕಾರಿನ ಬ್ಯಾಟರಿ ಇಳಿದದ್ದು ಬರೀ ಒಂದು ಶೇಕಡಾ.

ಹಿಂದಿನ ರಾತ್ರಿ ಆ ಮನೆಯಿಂದ ಪಡೆದದ್ದರಲ್ಲಿ ಸ್ವಲ್ಪವನ್ನು ಆ ರಾತ್ರಿ ಆ ಮನೆಗೇ ಕೊಟ್ಟಿದ್ದೆವು. ಪೆಟ್ರೋಲ್ ಗಾಡಿ ಯಾವ ಮನೆಯ ಜೊತೆಗೂ ಹೀಗೆ ಕೊಡುಕೊಳ್ಳುವುದಿಲ್ಲ. ಬಂಕಿನಲ್ಲಿ ತುಂಬಿಸಿಕೊಂಡು ಊರ ಹೊರಗಿನಿಂದಲೇ ಹಾದುಹೋಗುತ್ತದೆ. ಈ ಕಾರು ಊರಿನ ವೋಲ್ಟೇಜು ಎಷ್ಟು, ಗುಂಡಿಯಲ್ಲಿ ನೀರಿದೆಯೇ, ಯಾವ ಲೈನಿನ ಮೇಲೆ ಮರ ಬಿದ್ದಿದೆ ಎಂಬುದನ್ನೆಲ್ಲ ಕೇಳಿಸುತ್ತದೆ. ನನಗೆ ಅದು ತೊಂದರೆ ಎನಿಸಲೇ ಇಲ್ಲ.

ಮೂರನೆಯ ದಿನ: ಹಿನ್ನೀರು, ಕೊಲ್ಲೂರು, ಕಡಲು

ಹೊರಡುವಾಗ ಎರಡು ರಾತ್ರಿಯ ಯೂನಿಟ್ಟಿನ ದುಡ್ಡು ಕೊಡಲು ಹೋದರೆ ಯಜಮಾನರು ಒಪ್ಪಲಿಲ್ಲ. ಕಾರಿನ ಪರದೆಯಲ್ಲಿ ಎಷ್ಟು ಯೂನಿಟ್ ಎಂದು ತೋರಿಸಿ, ಬಿಲ್ಲು ಬಂದಾಗ ನಿಮಗೇ ಗೊತ್ತಾಗುತ್ತದೆ ಎಂದು ಒತ್ತಾಯಿಸಿ ಕೊಟ್ಟೆ. ಮನೆಗಳಲ್ಲಿ ಚಾರ್ಜ್ ಮಾಡುವವರು ಇದನ್ನು ಕಡ್ಡಾಯ ಎಂದುಕೊಳ್ಳಬೇಕು. ಒಂದು ರಾತ್ರಿಯ ಚಾರ್ಜು ಹಳ್ಳಿಮನೆಯೊಂದರ ಎಷ್ಟೋ ದಿನಗಳ ಬಳಕೆಗೆ ಸಮ. ಬ್ಯಾಟರಿ 75ರಲ್ಲಿ ನಿಂತಿತ್ತು, ಅಷ್ಟೇ ಸಾಕೆಂದು ಅಪ್ಪ ಹೇಳಿದ್ದರು. ಮುಂದೆ ಘಾಟಿ ಇಳಿಯುವುದಿದೆ. ಬ್ಯಾಟರಿ ತುಂಬಿಕೊಂಡು ಇಳಿದರೆ ರೀಜೆನ್‌ನಿಂದ ಬರುವ ಕರೆಂಟಿಗೆ ಜಾಗವಿರುವುದಿಲ್ಲ, ಬ್ರೇಕಿನ ಮೇಲೇ ಪೂರ್ತಿ ಭಾರ ಬೀಳುತ್ತದೆ.

ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಬಂದರೆ ಎದುರಿಗೆ ಸೇತುವೆ. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗೂ ಉದ್ದ. ಎರಡೂ ಕಡೆ ತುಂಬಿದ ಹಿನ್ನೀರು, ನಡುವೆ ನೆತ್ತಿ ಮಾತ್ರ ಉಳಿದ ಗುಡ್ಡಗಳು. ಅಪ್ಪ ಕಿಟಕಿ ಇಳಿಸಿ ಸುಮ್ಮನೆ ಕೂತರು. ಈ ಕಾರಿನ ಮೌನ ನನಗೆ ಅತ್ಯಂತ ಸಾರ್ಥಕವೆನಿಸಿದ್ದು ಇಲ್ಲಿ. ನೀರಿನ ಮೇಲಿನ ಗಾಳಿಯ ಸದ್ದು ಒಳಗೆ ಕೇಳುತ್ತಿತ್ತು.

ಆಚೆ ದಡದಲ್ಲಿ ಚಹಾ ಅಂಗಡಿ ಇಟ್ಟಿದ್ದ ಹಿರಿಯಮ್ಮ ಒಬ್ಬರು ಬಿಸಿ ಬಿಸಿ ಮಿರ್ಚಿ ಬಜ್ಜಿ ಕರಿಯುತ್ತಿದ್ದರು. ಹಿನ್ನೀರು ದಾಟಿಸುತ್ತಿದ್ದ ಲಾಂಚ್ ಎಂಬ ದೊಡ್ಡ ದೋಣಿಯ ಬದಲು ಬಂದ ಸೇತುವೆಯಿಂದ ಅನುಕೂಲವಾಯಿತೇ ಎಂದು ಅಮ್ಮ ಕೇಳಿದರು.

“ಲಾಂಚ್ ಇದ್ದಾಗ ಸಾಲಿನಲ್ಲಿ ಕಾಯುವವರೆಲ್ಲ ನನ್ನಲ್ಲೇ ಚಹಾ ಕುಡಿಯುತ್ತಿದ್ದರು. ಈಗ ಸೇತುವೆಯ ಮೇಲೆ ಫೋಟೊ ತೆಗೆದುಕೊಂಡು ಹೋಗುತ್ತಾರೆ. ವ್ಯಾಪಾರ ಹೋಯಿತು, ಹೋಗಲಿ. ನನ್ನ ಸೊಸೆಗೆ ಹೆರಿಗೆ ನೋವು ಬಂದ ರಾತ್ರಿ ಲಾಂಚ್ ಇರಲಿಲ್ಲ. ಬೆಳಗಾಗುವವರೆಗೆ ಈ ದಡದಲ್ಲಿ ಕೂತಿದ್ದೆವು. ಮಗು, ತಾಯಿ ಉಳಿದದ್ದು ದೇವಿಯ ದಯೆ. ಈ ಸೇತುವೆ ನನ್ನ ಕಾಲಕ್ಕೇ ಬರಬೇಕಿತ್ತು” ಎಂದರು.

ಅವರ ಅತ್ತೆಯ ಮನೆ, ಗದ್ದೆ ನೀರಿನ ಅಡಿಯಲ್ಲಿದೆ. ಅತ್ತ ಇತ್ತ ಎಂದು ಕೈಯಲ್ಲೇ ದಿಕ್ಕು ತೋರಿಸಿದರು. ಅವರು ಮದುವೆಯಾಗಿ ಬಂದ ಕಾಲಕ್ಕೆ ಮನೆಯಲ್ಲಿ ಚಿಮಣಿ ಬುಡ್ಡಿ. “ಕರೆಂಟು ಮಾಡುವ ನೀರು ನಮ್ಮ ಅಂಗಳದವರೆಗೆ ಇತ್ತು, ಕರೆಂಟು ಮಾತ್ರ ಇರಲಿಲ್ಲ.” ಅಪ್ಪ ತಾವು ಆ ಇಲಾಖೆಯಲ್ಲಿದ್ದವರು ಎಂದು ಹೇಳಿದರು. ಹೇಳಬೇಕೆಂದೇ ಹೇಳಿದರು ಅನಿಸುತ್ತದೆ. ಹಿರಿಯಮ್ಮ ಸಿಟ್ಟಾಗಲಿಲ್ಲ. “ಕಂಬ ಹೊತ್ತು ಕಾಡಿನೊಳಗೆ ಬಂದವರು ನಿಮ್ಮಂಥವರೇ ಅಲ್ಲವೇ?” ಎಂದು ಇನ್ನೊಂದು ಬಜ್ಜಿ ಹಾಕಿದರು. ಶರಾವತಿ ಮುಳುಗಡೆಯ ಕುಟುಂಬಗಳಲ್ಲಿ ಎಷ್ಟೋ ಜನಕ್ಕೆ ಬದಲಿ ಭೂಮಿಯ ಹಕ್ಕುಪತ್ರದ ಪ್ರಶ್ನೆ ಇನ್ನೂ ಮುಗಿದಿಲ್ಲ. ಎಲೆಕ್ಟ್ರಿಕ್ ಕಾರು ಕೊಂಡವರು ಪರಿಸರದ ಮಾತಾಡುವಾಗ ಈ ದಡದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಮನೆಯ ಸ್ವಿಚ್ಚು ಬಹಳ ಮೊದಲೇ ಇವರ ಗದ್ದೆಯನ್ನು ಪಡೆದಿದೆ.

ಸಿಗಂದೂರಿನಲ್ಲಿ ಚೌಡೇಶ್ವರಿಯ ದರ್ಶನ. ರಜೆಯ ಜನಸಂದಣಿಯಲ್ಲಿ ಬಹಳ ಹೊತ್ತು ನಿಲ್ಲಬೇಕಾಯಿತು. ಅಲ್ಲಿಂದ ಬ್ಯಾಕೋಡಿನ ಕಡೆ ಹೊರಳಿ ನಾಗೋಡಿಗೆ. ರಸ್ತೆ ಕಿರಿದು, ಕಾಡು ದಟ್ಟ, ಮೊಬೈಲ್ ಸಿಗ್ನಲ್ ಇಲ್ಲ. ದಾರಿಯ ನಕ್ಷೆಯನ್ನು ಸಾಗರದಲ್ಲೇ ಇಳಿಸಿಕೊಂಡದ್ದು ಒಳ್ಳೆಯದಾಯಿತು.

ಘಾಟಿಯ ನೆತ್ತಿಯಲ್ಲಿ ಬ್ಯಾಟರಿ 52. ರೀಜೆನ್ ಅನ್ನು ಮಧ್ಯಮಕ್ಕೆ ಇಟ್ಟು, ಮಗಳನ್ನು ಹಿಂದಿನ ನಡುವಿನ ಜಾಗದಲ್ಲೇ ಬೆಲ್ಟ್ ಹಾಕಿ ರಸ್ತೆ ಕಾಣುವಂತೆ ಕೂರಿಸಿದೆವು. ಮೂಕಾಂಬಿಕಾ ಅಭಯಾರಣ್ಯದ ಹಸಿರು ಗೋಡೆಯ ನಡುವೆ ತಿರುವಿನ ಮೇಲೆ ತಿರುವು. ಬ್ರೇಕ್ ಪೆಡಲಿಗೆ ಕಾಲು ತಾಗಿದ್ದು ಅಪರೂಪ. ಅಪ್ಪ ಹಿಂದಿನಿಂದ ಲೆಕ್ಕ ಹೇಳಿದರು: ಜನ, ಸಾಮಾನು ಸೇರಿ ಎರಡು ಟನ್ ತೂಕ 500 ಮೀಟರ್ ಇಳಿದರೆ ಅದರಲ್ಲಿರುವ ಶಕ್ತಿ 2.7 ಯೂನಿಟ್. ಚಕ್ರದ ತಿಕ್ಕಾಟಕ್ಕೆ, ಗಾಳಿಗೆ, ಮೋಟಾರಿನ ಬಿಸಿಗೆ ಹೋಗಿ ಒಂದು ಯೂನಿಟ್ ಬ್ಯಾಟರಿಗೆ ಸೇರಬಹುದು. ಕೊಲ್ಲೂರಿನಲ್ಲಿ ಪರದೆ ತೋರಿಸಿದ್ದು 54. “ಲಿಂಗನಮಕ್ಕಿಯ ನೀರು ಪೆನ್‌ಸ್ಟಾಕ್ ಎಂಬ ದೊಡ್ಡ ಕೊಳವೆಯಲ್ಲಿ ಇಳಿದು ಮಾಡುವುದೂ ಇದೇ ಕೆಲಸ” ಎಂದು ಮೊಮ್ಮಗಳಿಗೆ ವಿವರಿಸಿದಾಗ ಅಪ್ಪನ ದನಿಯಲ್ಲಿ ಹಿಗ್ಗು.

ಸೌಪರ್ಣಿಕೆಯಲ್ಲಿ ಕಾಲು ತೊಳೆದು, ಮೂಕಾಂಬಿಕೆಯ ದರ್ಶನ ಮುಗಿಸಿ ಬೈಂದೂರಿನ ದಾರಿ ಹಿಡಿದೆವು. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಅದೇ ಸೌಪರ್ಣಿಕೆ. ಬೆಳಗಿನ ಥಂಡಿ ಹೋಗಿ ಮೈ ಬೆವರುತ್ತಿತ್ತು, ಎ.ಸಿ. ಜೋರಾಯಿತು. ಆದರೂ ಅದರಿಂದ ಬ್ಯಾಟರಿಗೆ ಬಿದ್ದ ಹೊರೆ ವೇಗದ ಹೊರೆಯ ಮುಂದೆ ಸಣ್ಣದು. ಕುಂದಾಪುರದಲ್ಲಿ ಗೋಳಿಬಜೆ, ಬನ್ಸ್. ಉಡುಪಿಯ ವಸತಿಗೃಹದಲ್ಲಿ ಚಾರ್ಜಿಂಗ್ ಜಾಗ ಇತ್ತು, ಆದರೆ ಅಲ್ಲಿ ಪೆಟ್ರೋಲ್ ಕಾರೊಂದು ನಿಂತಿತ್ತು. ಕಾವಲುಗಾರರು ಕೋಣೆ ಕೋಣೆಗೆ ಫೋನ್ ಮಾಡಿ ಮಾಲೀಕರನ್ನು ಹುಡುಕಿ ತೆಗೆಸುವಷ್ಟರಲ್ಲಿ ರಥಬೀದಿಯ ಅಂಗಡಿಗಳು ಮುಚ್ಚಿದ್ದವು. ಇಂಥ ಕಡೆ ಇಳಿದುಕೊಳ್ಳುವವರು ಮಧ್ಯಾಹ್ನವೇ ಫೋನ್ ಮಾಡಿ ಜಾಗ ಕಾದಿರಿಸಲು ಹೇಳಿದರೆ ಒಳ್ಳೆಯದು.

ನಾಲ್ಕನೆಯ ದಿನ: ಶಿರಾಡಿ ಹತ್ತಿ ಮನೆಗೆ

ಬೆಳಗ್ಗೆ ನೀರುದೋಸೆ ತಿಂದು ಹೊರಟೆವು. ಮಂಗಳೂರು, ಬಿ.ಸಿ. ರೋಡ್, ನೇತ್ರಾವತಿಗೆ ಕುಮಾರಧಾರೆ ಸೇರುವ ಉಪ್ಪಿನಂಗಡಿ. ರಸ್ತೆ ಅಗಲ ಮಾಡುವ ಕೆಲಸದ ಧೂಳು, ಕೆಸರು, ತಿರುವುದಾರಿ. ಶಿರಾಡಿಯ ಬುಡ ಗುಂಡ್ಯದಲ್ಲಿ 53 ಇದ್ದ ಬ್ಯಾಟರಿ ಸಕಲೇಶಪುರದಲ್ಲಿ 37. ನಾಗೋಡಿ ಕೊಟ್ಟದ್ದನ್ನು ಶಿರಾಡಿ ಹಲವು ಪಟ್ಟು ವಾಪಸ್ಸು ಕೇಳುತ್ತದೆ, ಹತ್ತುವವರು ಇಪ್ಪತ್ತು ಶೇಕಡಾ ಇದಕ್ಕೆಂದೇ ಎತ್ತಿಡಬೇಕು. ಎಳೆತಕ್ಕೆ ಮಾತ್ರ ಎಣೆಯಿಲ್ಲ. ಗೇರು ಹುಡುಕುವ ಗೋಜಿಲ್ಲದೆ, ತುಂಬಿದ ಗಾಡಿ ಟ್ಯಾಂಕರುಗಳನ್ನು ದಾಟಿಕೊಂಡು ಸಲೀಸಾಗಿ ಹತ್ತಿತು.

ಹಾಸನದಲ್ಲಿ ಊಟ, ಚಾರ್ಜು. ಪಕ್ಕದ ಗನ್ನಿನಲ್ಲಿ ಟ್ಯಾಕ್ಸಿ ಓಡಿಸುವ ಯುವಕ. ಮಂಗಳೂರು-ಬೆಂಗಳೂರು ನಡುವೆ ದಿನವೂ ಎಲೆಕ್ಟ್ರಿಕ್ ಕಾರನ್ನೇ ಓಡಿಸುತ್ತಾನೆ. ಇಂಧನದಲ್ಲಿ ಉಳಿದ ದುಡ್ಡಿನಲ್ಲಿ ಕಾರಿನ ಕಂತು ಕಟ್ಟುತ್ತೇನೆ ಎಂದ. ನನ್ನ ಲೆಕ್ಕವೂ ಹತ್ತಿರ ಹತ್ತಿರ ಹಾಗೇ ಬಂತು: ಸುಮಾರು ಸಾವಿರ ಕಿ.ಮೀ.ಗೆ ಮನೆಯದು, ಹೋಂಸ್ಟೇಯದು, ದಾರಿಯ ದುಬಾರಿ ಚಾರ್ಜರುಗಳದು ಎಲ್ಲ ಸೇರಿ ಎರಡೂವರೆ ಸಾವಿರ ರೂಪಾಯಿಯೊಳಗೆ. ಹಳೆಯ ಡೀಸೆಲ್ ಗಾಡಿಯಲ್ಲಾದರೆ ಆರು ಸಾವಿರ ಬೇಕಿತ್ತು. ದಾರಿ ಬದಿಯ ವೇಗದ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ ದಾಟುತ್ತದೆ. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿಲ್ಲದವರಿಗೆ ಈ ಉಳಿತಾಯ ಇಷ್ಟು ಸಿಗದು, ಅದನ್ನು ಕೊಳ್ಳುವ ಮೊದಲೇ ಯೋಚಿಸಬೇಕು.

ಮನೆ ಸೇರಿದ ಮರುವಾರ ಸಾಗರದ ಯಜಮಾನರ ಫೋನು ಬಂತು. ಅತಿಥಿಗಳ ಕಾರಿಗೆಂದೇ ಬೇರೆ ಲೈನು ಎಳೆಸುತ್ತಿದ್ದಾರಂತೆ. ತಂತಿಯ ದಪ್ಪ ಎಷ್ಟಿರಬೇಕು, ಹೊಸ ಅರ್ತಿಂಗ್ ಗುಂಡಿಯನ್ನು ಮಾಡಿನಿಂದ ಎಷ್ಟು ದೂರ ತೋಡಬೇಕು ಎಂದು ಅಪ್ಪನನ್ನು ಕೇಳಿದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಅದನ್ನು ನೋಡಲು ಮೇ ತಿಂಗಳಲ್ಲಿ ಬರುತ್ತೇವೆ, ಗುಂಡಿಯನ್ನೂ ಆಗಲೇ ಪರೀಕ್ಷಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದಾರೆ.